ಅಪ್ಪನ ಕಾರಿನ ಹಳದಿ ಪೊರೆ: ತೆಗೀಬೇಕಾ, ಬಿಡಬೇಕಾ?

(1/6)
ಮೊದಲನೇ ಫೋಟೋ ನೋಡಿ. ನಮ್ಮ ಮನೆ ಕಾರು, ಬಿಳಿ ಬಣ್ಣ. ಆದ್ರೆ ಬಾನೆಟ್ ಮಾತ್ರ ಹಳೇ ನೋಟ್‌ಬುಕ್ ಹಾಳೆ ಥರ ಹಳದಿ ಆಗಿದೆ ಅಲ್ವಾ? ಅದು ಪೇಂಟ್ ಅಲ್ಲ. ಪೇಂಟ್ ಮೇಲೆ ಅಂಟಿಸಿರೋ ಪ್ಲಾಸ್ಟಿಕ್ ಪೊರೆ. ಪಿಪಿಎಫ್ ಅಂತಾರೆ, ಪೇಂಟ್ ಪ್ರೊಟೆಕ್ಷನ್ ಫಿಲ್ಮ್.

2021ರಲ್ಲಿ ಅಪ್ಪ ಈ ಕಾರನ್ನ ಸೆಕೆಂಡ್ ಹ್ಯಾಂಡ್ ತಗೊಂಡಾಗಲೇ ಫಿಲ್ಮ್ ಇತ್ತು. ಬಾನೆಟ್ ಮೇಲೆ, ಮುಂದಿನ ಎರಡೂ ಫೆಂಡರ್ ಮೇಲೆ. "ಫಿಲ್ಮ್ ಹಾಕಿಸಿ ನೋಡ್ಕೊಂಡಿದೀನಿ ಸಾರ್, ಒಂದು ಗೀರೂ ಇಲ್ಲ" ಅಂದಿದ್ರು ಮಾರಿದವರು. ಅದಕ್ಕೇ ಅಪ್ಪ ಸ್ವಲ್ಪ ಜಾಸ್ತಿ ದುಡ್ಡೂ ಕೊಟ್ರು. ಆಮೇಲೆ ಕಾರು ನಿಂತಿದ್ದು ಮನೆ ಮುಂದಿನ ಹೊಂಗೆ ಮರದ ಕೆಳಗೆ. ಮೇಲಿಂದ ಹಕ್ಕಿ ಹಿಕ್ಕೆ, ಮಧ್ಯಾಹ್ನದ ಬಿಸಿಲು, ರಸ್ತೆ ಧೂಳು. ಈಗ ಫಿಲ್ಮ್ ಹಳದಿ ಆಗಿದೆ, ಅಂಚಲ್ಲಿ ಸಣ್ಣ ಬಿರುಕು ಬಂದಿದೆ.

ನಾನು ತೆಗೆಸೋಣ ಅಂದೆ. ಅಪ್ಪ ಬೇಡ ಅಂದ್ರು: "ಅದು ಇರೋದ್ರಿಂದಲೇ ಪೇಂಟ್ ಉಳ್ಕೊಂಡಿರೋದು." ಮೂರು ತಿಂಗಳು ಇದೇ ಜಗಳ. ಜಗಳ ಗೆಲ್ಲೋಕೆ ಅಂತ ನಾನು ಈ ಪೊರೆಯ ಹಿಸ್ಟರಿ ಓದೋಕೆ ಶುರು ಮಾಡಿದೆ. ಗೆಲ್ಲೋದು ಪಕ್ಕಕ್ಕಿರಲಿ, ಕಥೆ ಚೆನ್ನಾಗಿತ್ತು. ಕೇಳಿ.

(2/6)
ಕಥೆ ಶುರುವಾಗೋದು ಅಮೆರಿಕದ ಮಿನೆಸೋಟ ರಾಜ್ಯದಲ್ಲಿ, ನೂರು ವರ್ಷದ ಹಿಂದೆ.

 ಫೋರ್ಡ್ ಕಂಪನಿಯ ಮಾಡೆಲ್ ಟಿ 1914ರಿಂದ 1925ರವರೆಗೆ ಕಪ್ಪು ಬಣ್ಣದಲ್ಲಿ ಮಾತ್ರ ಬರ್ತಿತ್ತು. ಬೇರೆ ಬಣ್ಣ ಬೇಕಂದ್ರೆ ಪದರದ ಮೇಲೆ ಪದರ ಬಳಿದು, ವಾರಗಟ್ಟಲೆ ಒಣಗಿಸಬೇಕಿತ್ತು. 1923ರ ಹೊತ್ತಿಗೆ ಡುಪಾಂಟ್ ಕಂಪನಿಯ ಡ್ಯೂಕೋ ಅನ್ನೋ ಲ್ಯಾಕರ್ ಬಂತು. ಗಂಟೆಗಳಲ್ಲಿ ಒಣಗೋ ಬಣ್ಣ! ಎರಡು ಬಣ್ಣದ ಕಾರು ಫ್ಯಾಷನ್ ಆಯ್ತು. ಮೇಲೆ ಒಂದು, ಕೆಳಗೆ ಒಂದು.

ಎರಡನೇ ಬಣ್ಣ ಹೊಡೆಯುವಾಗ ಮೊದಲನೇದನ್ನ ಮುಚ್ಚಬೇಕು. ಪೇಂಟರ್‌ಗಳು ದಪ್ಪ ಕಾಗದಕ್ಕೆ ಗೋಂದು ಹಚ್ಚಿ ಅಂಟಿಸ್ತಿದ್ರು. ಕೆಲಸ ಮುಗಿದ ಮೇಲೆ ಕಾಗದ ಕಿತ್ರೆ, ಜೊತೆಗೆ ಬಣ್ಣವೂ ಕಿತ್ತು ಬರ್ತಿತ್ತು. ಇಡೀ ಕೆಲಸ ಮತ್ತೆ ಮೊದಲಿಂದ.

1923ರಲ್ಲಿ ಸೇಂಟ್ ಪಾಲ್ ಊರಿನ ಒಂದು ಗ್ಯಾರೇಜಿಗೆ ರಿಚರ್ಡ್ ಡ್ರೂ ಅನ್ನೋ ಹುಡುಗ ಹೋಗಿದ್ದ. ಇಂಜಿನಿಯರಿಂಗ್ ಅರ್ಧಕ್ಕೆ ಬಿಟ್ಟವನು, ಬ್ಯಾಂಡ್‌ನಲ್ಲಿ ಬ್ಯಾಂಜೋ ನುಡಿಸ್ತಿದ್ದವನು. ಕೆಲಸ 3ಎಂ ಕಂಪನಿಯಲ್ಲಿ, ಉಪ್ಪು ಕಾಗದ ಪರೀಕ್ಷೆ ಮಾಡೋದು. ಅಲ್ಲಿ ಒಬ್ಬ ಪೇಂಟರ್ ಕಾಗದ ಕಿತ್ತು, ಹಾಳಾದ ಬಣ್ಣ ನೋಡಿ ಬೈಕೊಳ್ತಿದ್ದ. ಡ್ರೂ ಅಲ್ಲೇ ಮಾತು ಕೊಟ್ಟ: ಬಣ್ಣ ಕೀಳದೇ ಬರೋ ಟೇಪ್ ನಾನು ಮಾಡಿ ಕೊಡ್ತೀನಿ.

ಗಮನಿಸಿ. ಗಟ್ಟಿಯಾಗಿ ಅಂಟೋ ವಸ್ತು ಆಗಲೇ ಇತ್ತು. ಅವನು ಹುಡುಕಿದ್ದು ಸುಮ್ಮನೆ ಬಿಟ್ಟು ಬರೋ ವಸ್ತುವನ್ನ.

(3/6)
ಮಾತು ಕೊಟ್ಟಾಗ ಅವನಿಗೆ ಟೇಪ್ ಬಗ್ಗೆ ಏನೂ ಗೊತ್ತಿರಲಿಲ್ಲ. ಎರಡು ವರ್ಷ ಎಣ್ಣೆ, ರಾಳ, ಅಂಟು ಎಲ್ಲ ಕಲಸಿ ನೋಡಿದ. ಕಂಪನಿಯ ದೊಡ್ಡವರು ವಿಲಿಯಂ ಮೆಕ್‌ನೈಟ್, "ಇದು ಸಾಕು, ಉಪ್ಪು ಕಾಗದದ ಕೆಲಸ ನೋಡು" ಅಂದ್ರು. ಡ್ರೂ ಕೇಳಲಿಲ್ಲ. ಅವನಿಗೆ 100 ಡಾಲರ್‌ವರೆಗಿನ ಖರೀದಿಗೆ ತಾನೇ ಸಹಿ ಹಾಕೋ ಅಧಿಕಾರ ಇತ್ತು. ಹಾಗಾಗಿ 100ಕ್ಕಿಂತ ಕಮ್ಮಿ ಮೊತ್ತದ ಬಿಲ್‌ಗಳಾಗಿ ಒಡೆದು ಒಡೆದು ಒಂದು ಮೆಷಿನ್ ಅನ್ನೇ ತರಿಸಿಕೊಂಡ! ಆಡಿಟಿಂಗ್ ಕ್ಲಾಸಲ್ಲಿ ನಮಗೆ "ಇದನ್ನ ಹಿಡೀಬೇಕು" ಅಂತ ಹೇಳಿಕೊಡೋ ಕೆಲಸವೇ ಅದು. 😄

ಇನ್ನೊಂದು ಮಜಾ ಗೊತ್ತಾ? ಈ ಮೆಕ್‌ನೈಟ್ 1907ರಲ್ಲಿ ಆ ಕಂಪನಿ ಸೇರಿದ್ದು ಸಹಾಯಕ ಲೆಕ್ಕಿಗನಾಗಿ. ನಮ್ಮ ಬಿಕಾಂ ಬಳಗದವರೇ ಅನ್ನಿ. ವಿಷಯ ಗೊತ್ತಾದ ಮೇಲೂ ಅವರು ಡ್ರೂನ ಕೆಲಸದಿಂದ ತೆಗೀಲಿಲ್ಲ. 1925ರಲ್ಲಿ ಮಾಸ್ಕಿಂಗ್ ಟೇಪ್ ಬಂತು.

ಮೊದಲ ಟೇಪಿಗೆ ಅಂಚಲ್ಲಿ ಮಾತ್ರ ಅಂಟು ಇತ್ತಂತೆ. ಅದು ನಿಲ್ಲದೆ ಬಿದ್ದಾಗ ಒಬ್ಬ ಪೇಂಟರ್ ರೇಗಿ, ಜಿಪುಣ ಅನ್ನೋ ಅರ್ಥದಲ್ಲಿ "ಸ್ಕಾಚ್" ಅಂತ ಬೈದನಂತೆ. ಬೈಗುಳವೇ ಬ್ರ್ಯಾಂಡ್ ಆಯ್ತು ಅನ್ನೋದು ಆ ಹೆಸರಿನ ಬಗ್ಗೆ ಹೇಳೋ ಕಥೆ.

ಅಂಟು ಕಮ್ಮಿ ಆದ್ರೆ ಟೇಪ್ ಬಿದ್ದುಹೋಗುತ್ತೆ. ಜಾಸ್ತಿ ಆದ್ರೆ ಬಣ್ಣ ಕೀಳುತ್ತೆ. ನಮ್ಮ ಬಾನೆಟ್ ಮೇಲಿನ ಪೊರೆಯ ಸಮಸ್ಯೆಯೂ ಇಷ್ಟೇ.

(4/6)
ಪೊರೆ ಬಂದಿದ್ದು ಯುದ್ಧದಿಂದ. ವಿಯೆಟ್ನಾಂ ಯುದ್ಧದ ಕಾಲದಲ್ಲಿ ಹೆಲಿಕಾಪ್ಟರ್‌ನ ತಿರುಗೋ ರೆಕ್ಕೆಗಳಿಗೆ ಮರಳು, ಕಲ್ಲಿನ ಚೂರು ಬಡಿದು ಬೇಗ ಸವೀತಿದ್ವು. ಅದಕ್ಕೆ ಗಟ್ಟಿ ಪಾಲಿಯುರಿಥೇನ್ ಪಟ್ಟಿ ಅಂಟಿಸಿದ್ರು. ಕಲ್ಲು ಬಡಿದ್ರೆ ಪೊರೆ ಬಗ್ಗಿ ಪೆಟ್ಟನ್ನ ನುಂಗುತ್ತೆ. ಆಮೇಲೆ ಅದು ರೇಸ್ ಕಾರುಗಳಿಗೆ ಬಂತು, ಅಲ್ಲಿಂದ ಮಾಮೂಲಿ ಕಾರುಗಳಿಗೆ.

ಅದಕ್ಕೂ ಮುಂಚೆ ಅಮೆರಿಕದಲ್ಲಿ ಕಾರಿನ ಮೂತಿಗೆ ರೆಕ್ಸಿನ್ ಥರದ ಕಪ್ಪು ಮುಸುಕು ಹಾಕ್ತಿದ್ರು. ಮಳೆ ಬಂದಾಗ ನೀರು, ಧೂಳು ಅದರೊಳಗೆ ಸೇರಿ, ಕಾಪಾಡಬೇಕಾದ ಮುಸುಕೇ ಬಣ್ಣ ಉಜ್ಜಿ ಹಾಳು ಮಾಡ್ತಿತ್ತು.

ಈಗಿನ ಫಿಲ್ಮ್ ಸುಮಾರು 150ರಿಂದ 200 ಮೈಕ್ರಾನ್ ದಪ್ಪ. ಕಂಪನಿಯಿಂದ ಬರೋ ಪೇಂಟ್‌ನ ಎಲ್ಲಾ ಪದರ ಸೇರಿಸಿದ್ರೂ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್. ಅಂದ್ರೆ ಕಾವಲುಗಾರನೇ ಯಜಮಾನನಿಗಿಂತ ದಪ್ಪ!

ಆದ್ರೆ ಪೊರೆಗೂ ವಯಸ್ಸಾಗುತ್ತೆ. ಬಿಸಿಲಿನ ನೇರಳಾತೀತ ಕಿರಣ ಬಿದ್ದು ಬಿದ್ದು ಅಗ್ಗದ ಫಿಲ್ಮ್ ಹಳದಿ ಆಗುತ್ತೆ, ಗಡುಸಾಗುತ್ತೆ, ಬಿರುಕು ಬಿಡುತ್ತೆ. ಒಳಗಿನ ಅಂಟೂ ಬದಲಾಗುತ್ತೆ. ಹೊಸದರಲ್ಲಿ ಒಂದೇ ಹಾಳೆಯಾಗಿ ಬರೋದು, ತಡ ಮಾಡಿದ್ರೆ ಉಗುರಗಲ ಚೂರು ಚೂರಾಗಿ ಬರುತ್ತೆ, ಅಂಟು ಕಾರಿನ ಮೇಲೇ ಉಳಿಯುತ್ತೆ. ಅದಕ್ಕೇ ಒಳ್ಳೇ ಫಿಲ್ಮ್‌ಗೂ ಇಷ್ಟು ವರ್ಷ ಅಂತ ವಾರಂಟಿ ಇರುತ್ತೆ.

ಇದನ್ನೆಲ್ಲ ಅಪ್ಪನಿಗೆ ಓದಿ ಹೇಳಿದೆ. ಅವರು ಹೇಳಿದ್ದು ಒಂದೇ ಮಾತು: "ಕೀಳುವಾಗ ಪೇಂಟ್ ಬಂದ್ರೆ ನೀನು ಕೊಡ್ತೀಯಾ?"

(5/6)
ಆ ಪ್ರಶ್ನೆ ಸರಿಯಾಗೇ ಇತ್ತು. ಫಿಲ್ಮ್ ಜೊತೆ ಪೇಂಟ್ ಬರುತ್ತಾ ಇಲ್ವಾ ಅನ್ನೋದು ಫಿಲ್ಮ್‌ಗಿಂತ ಕೆಳಗಿರೋ ಪೇಂಟ್ ಮೇಲೆ ನಿಂತಿದೆ. ಫ್ಯಾಕ್ಟರಿಯಲ್ಲಿ ಬಾಡಿಯನ್ನ ಸುಮಾರು 140 ಡಿಗ್ರಿ ಬಿಸಿಯಲ್ಲಿ ಬೇಯಿಸ್ತಾರೆ, ಹಿಡಿತ ಗಟ್ಟಿ. ಗ್ಯಾರೇಜಲ್ಲಿ ಮತ್ತೆ ಹೊಡೆದ ಪೇಂಟ್‌ಗೆ ಅಷ್ಟು ಬಿಸಿ ಕೊಡೋಕಾಗಲ್ಲ, ಪ್ಲಾಸ್ಟಿಕ್ ಭಾಗ ಎಲ್ಲ ಇರುತ್ತಲ್ಲ. ಕೆಲಸ ನೀಟಾಗಿಲ್ಲದಿದ್ರೆ ಫಿಲ್ಮ್ ಜೊತೆ ಅದೂ ಎದ್ದು ಬರುತ್ತೆ. 1923ರ ಪೇಂಟರ್ ಗೋಳೇ ಮತ್ತೆ.

ಡೀಟೇಲಿಂಗ್ ಕೆಲಸ ಮಾಡೋ ಒಬ್ಬರು ಮೈಕ್ರಾನ್ ಮೀಟರ್ ತಂದ್ರು (ನಾಲ್ಕನೇ ಫೋಟೋ). ಫಿಲ್ಮ್ ಇಲ್ಲದ ಬಾಗಿಲು: 112. ರೂಫ್: 118. ಬಾನೆಟ್: 290. ಬಲ ಫೆಂಡರ್: 285. ಮೀಟರ್ ಫಿಲ್ಮನ್ನೂ ಸೇರಿಸಿಯೇ ಅಳೆಯುತ್ತೆ, ಹಾಗಾಗಿ ಫಿಲ್ಮ್ ಸುಮಾರು 175 ಅಂತ ಕಳೆದ್ರೆ ಲೆಕ್ಕ ಸರಿ.

ಎಡ ಫೆಂಡರ್: 465.

ಇನ್ನೊಂದ್ಸಲ ಇಟ್ರು. 468.

ಯಾರೂ ಮಾತಾಡಲಿಲ್ಲ. ಎಡ ಫೆಂಡರ್‌ಗೆ ಯಾವತ್ತೋ ಪೆಟ್ಟು ಬಿದ್ದು, ಪೇಂಟ್ ಹೊಡೆಸಿ, ಅದರ ಮೇಲೆ ಫಿಲ್ಮ್ ಹಾಕಿಸಿದ್ರು. "ಒಂದು ಗೀರೂ ಇಲ್ಲ" ಅಂತ ನಂಬಿ ಅಪ್ಪ ಜಾಸ್ತಿ ಕೊಟ್ಟ ದುಡ್ಡು ಆ ಪೊರೆಗೆ.

ಅಪ್ಪ ಫೆಂಡರ್ ಮೇಲೆ ಕೈ ಇಟ್ಟು ಸ್ವಲ್ಪ ಹೊತ್ತು ನಿಂತ್ರು. ನಾನು ಜಗಳ ಗೆದ್ದಿದ್ದೆ. ಆದ್ರೆ ಗೆದ್ದ ಹಾಗೆ ಅನ್ನಿಸಲಿಲ್ಲ. ಅವರು ಫಿಲ್ಮ್ ಬಿಡಬಾರದು ಅಂತಿದ್ದಿದ್ದು ಪೇಂಟ್‌ಗೋಸ್ಕರ ಮಾತ್ರ ಅಲ್ಲ, ತಾನು ಮೋಸ ಹೋಗಿಲ್ಲ ಅನ್ನೋ ನಂಬಿಕೆಗೂ ಅಂತ ಆಗ ಗೊತ್ತಾಯ್ತು.

(6/6)
ನಮ್ಮ ಕಾಸ್ಟಿಂಗ್ ಪಾಠದಲ್ಲಿ ಸಂಕ್ ಕಾಸ್ಟ್ ಅಂತ ಬರುತ್ತೆ. ಕೊಟ್ಟು ಮುಗಿದ ದುಡ್ಡು, ಇನ್ನು ವಾಪಸ್ ಬರಲ್ಲ, ಮುಂದಿನ ನಿರ್ಧಾರಕ್ಕೆ ಅದನ್ನ ಸೇರಿಸಬಾರದು. ಪರೀಕ್ಷೆಲಿ ಎರಡು ಮಾರ್ಕ್ಸ್‌ಗೆ ಬರೆಯೋದು ಸುಲಭ. ಅಪ್ಪನ ಮುಖ ನೋಡ್ಕೊಂಡು ಹೇಳೋದು ಕಷ್ಟ. ಹೇಳಲಿಲ್ಲ. ಅವರೇ ಹೇಳಿದ್ರು: "ಬಾನೆಟ್, ಬಲಗಡೆ ತೆಗೀರಿ. ಎಡಗಡೆ ಬಿಡಿ."

ತೆಗೆಯೋದು ಹೀಗೆ: ಹೀಟ್ ಗನ್‌ನಿಂದ ಹದವಾಗಿ ಬಿಸಿ ಮಾಡಬೇಕು, ಒಂದೇ ಕಡೆ ಹಿಡೀಬಾರದು. ಅಂಟು ಮೆತ್ತಗಾದ ಮೇಲೆ ಮೂಲೆ ಎತ್ತಿ, ಮೇಲಕ್ಕೆ ಜಗ್ಗದೆ, ಮೈಗೆ ತಾಗಿಕೊಂಡ ಹಾಗೆ ಹಿಂದಕ್ಕೆ ನಿಧಾನ ಎಳೀಬೇಕು. ಬ್ಲೇಡ್ ಮುಟ್ಟಲೇಬಾರದು. ಬಾನೆಟ್‌ಗೆ ನಾಲ್ಕು ಗಂಟೆ ಹಿಡೀತು, ಫಿಲ್ಮ್ ಚೂರು ಚೂರಾಗೇ ಬಂತು. ಉಳಿದ ಅಂಟನ್ನ ಅಂಟು ತೆಗೆಯೋ ದ್ರಾವಣ ಹಾಕಿ ಮೆತ್ತನೆ ಬಟ್ಟೆಯಲ್ಲಿ ಒರೆಸಿದ್ರು. ಕೊನೇ ಫೋಟೋ ನೋಡಿ. ಕೆಳಗಡೆ ಶೋರೂಮಿನ ಬಿಳಿ ಹಾಗೇ ಇತ್ತು. ಅಪ್ಪ ಹೇಳಿದ್ದೂ ಸುಳ್ಳಲ್ಲ, ಪೊರೆ ಪೇಂಟ್ ಉಳಿಸಿತ್ತು.

ಎಡ ಫೆಂಡರ್ ಇನ್ನೂ ಹಳದಿ. ಮುಂದೆ ಆ ಭಾಗಕ್ಕೆ ಹೊಸದಾಗಿ ಪೇಂಟ್ ಹೊಡೆಸೋ ದುಡ್ಡು ಆದಾಗಲೇ ಅದನ್ನ ಕೀಳೋದು ಅಂತ ತೀರ್ಮಾನ. ಬೀದಿಯವರು ಕೇಳ್ತಾರೆ, ಯಾಕೆ ಒಂದು ಕಡೆ ಮಾತ್ರ ಬಿಟ್ರಿ ಅಂತ. ಅಪ್ಪ ನಗ್ತಾರೆ, ಅಷ್ಟೇ.

ನಿಮ್ಮ ಮನೆ ಗಾಡಿಯಲ್ಲೂ ಫಿಲ್ಮ್ ಇದ್ರೆ ನಾನು ಹೇಳೋದಿಷ್ಟು. ಇನ್ನೂ ತಿಳಿಯಾಗಿ, ಮೆತ್ತಗಿದ್ರೆ ಬಿಡಿ, ಅದು ಕೆಲಸ ಮಾಡ್ತಿದೆ. ಹಳದಿ, ಬಿರುಕು ಶುರುವಾದ್ರೆ ಮುಂದಿನ ವರ್ಷಕ್ಕೆ ತಳ್ಳಬೇಡಿ. ಕೀಳೋ ಮುಂಚೆ ಮಾತ್ರ ಮೀಟರ್ ಇಡಿಸಿ. ಸೆಕೆಂಡ್ ಹ್ಯಾಂಡ್ ತಗೊಳ್ಳುವಾಗ ಆದ್ರೆ, ದುಡ್ಡು ಕೊಡೋ ಮುಂಚೆ ಇಡಿಸಿ.

ನಿಮ್ಮನೇಲಿ ಇನ್ನೂ ಕವರ್ ಕೀಳದೆ ಇಟ್ಟಿರೋ ವಸ್ತು ಯಾವುದು? ಕಾಮೆಂಟಲ್ಲಿ ಹಾಕಿ. ನಮ್ಮನೇಲಿ ಟಿವಿ ರಿಮೋಟ್. ಅದರ ಜಗಳ ಅಮ್ಮನ ಜೊತೆ. 🙂

#ಕಾರಿನಕಥೆ #ಬಿಕಾಂಹುಡುಗನಹಿಸ್ಟರಿ