ಏಳು ಹಳ್ಳಿಗಳು, ಒಂಬತ್ತು ಪ್ರಶ್ನೆಗಳು: ಸ್ಲೋವಾಕಿಯದ ಸ್ನಿನಾ ಸೀಮೆಯ ಗ್ರಾಮೇತಿಹಾಸ

ಗ್ರಾಮದ ಇತಿಹಾಸವನ್ನು ಬರೆಯಹೊರಟವನಿಗೆ ಆಧಾರಗಳ ಅಭಾವಕ್ಕಿಂತ ಹೆಚ್ಚಿನ ತೊಡಕೊಂದು ಎದುರಾಗುತ್ತದೆ. ದೊರೆಯುವ ಆಧಾರಗಳಲ್ಲಿ ಬಹುಪಾಲು ಹಳ್ಳಿಯ ಹೊರಗಿನವರು ತಮ್ಮ ಅಗತ್ಯಕ್ಕಾಗಿ ಬರೆದಿಟ್ಟವು. ಒಡೆಯನು ತನಗೆ ಬರಬೇಕಾದುದನ್ನು ಲೆಕ್ಕವಿಟ್ಟನು. ಪಾದ್ರಿಯು ಹುಟ್ಟು ಸಾವುಗಳನ್ನು ದಾಖಲೆಮಾಡಿದನು. ಸೇನಾಧಿಕಾರಿಯು ದಾರಿಯನ್ನೂ ಮೇವನ್ನೂ ಗುರುತಿಸಿಕೊಂಡನು. ಇವರೆಲ್ಲರ ನಡುವೆ ಹಳ್ಳಿಗನ ಮಾತು ಎಲ್ಲಿ ಕೇಳಿಬರುತ್ತದೆ ಎಂಬುದೇ ಇತಿಹಾಸದ ವಿದ್ಯಾರ್ಥಿಯ ಮುಂದಿರುವ ಪ್ರಶ್ನೆ. ಸ್ಲೋವಾಕಿಯ ದೇಶದ ಈಶಾನ್ಯ ಮೂಲೆಯಲ್ಲಿರುವ ಸ್ನಿನಾ ಜಿಲ್ಲೆಯನ್ನು ಉದಾಹರಣೆಯಾಗಿಟ್ಟುಕೊಂಡು ಈ ಪ್ರಶ್ನೆಯನ್ನು ಇಲ್ಲಿ ವಿಚಾರ ಮಾಡಬೇಕೆಂದಿದ್ದೇವೆ. 1980ರ ದಶಕದಲ್ಲಿ ಏಳು ಹಳ್ಳಿಗಳು ಒಟ್ಟಿಗೆ ಬರಿದಾದ ಸೀಮೆ ಇದು. ಅವುಗಳ ಕೊನೆಯನ್ನು ಅರಿಯಬೇಕಾದರೆ ಅವುಗಳ ಹುಟ್ಟಿನಿಂದಲೇ ತೊಡಗಬೇಕು.

ಕಾರ್ಪೇಥಿಯನ್ ಪರ್ವತಶ್ರೇಣಿಯ ಭಾಗವಾದ ಬುಕೋವ್‌ಸ್ಕೆ ಬೆಟ್ಟಗಳ ತೆಂಕಣ ಮಗ್ಗುಲಲ್ಲಿ ಈ ಜಿಲ್ಲೆ ಇದೆ. ಅದರ ಬಡಗಣ ಗಡಿ ಪೋಲೆಂಡ್, ಮೂಡಣ ಗಡಿ ಉಕ್ರೇನ್. ಮೂರು ದೇಶಗಳೂ ಕೂಡುವ ಸ್ಥಳವು ಕ್ರೆಮೆನೆತ್ಸ್ ಎಂಬ ಶಿಖರ. ವಿಸ್ತಾರ ಸುಮಾರು 805 ಚದರ ಕಿಲೋಮೀಟರ್. ತ್ಸಿರೊಖಾ ಎಂಬ ಹೊಳೆ ಈ ಬೆಟ್ಟಗಳಲ್ಲಿ ಹುಟ್ಟಿ ಸ್ನಿನಾ ಪಟ್ಟಣದ ಬಳಿ ಹಾದು ಪಡುವಣಕ್ಕೆ ಹರಿಯುತ್ತದೆ. ಕಣಿವೆಗಳು ಇಕ್ಕಟ್ಟು, ಮಣ್ಣು ತೆಳು, ಚಳಿಗಾಲ ದೀರ್ಘ. ಇಳಿಜಾರುಗಳಲ್ಲಿ ಬೀಚ್ ಮರಗಳ ದಟ್ಟ ಕಾಡು. ಬೆಟ್ಟದ ನೆತ್ತಿಯಲ್ಲಿ ‘ಪೊಲೊನಿನಿ’ ಎಂದು ಕರೆಯುವ ಹುಲ್ಲುಗಾವಲು. ಸ್ಲೋವಾಕರ ಜೊತೆಗೆ ಮೇಲಿನ ಕಣಿವೆಗಳಲ್ಲಿ ನೆಲಸಿದವರು ರುಸಿನರು. ಇವರ ನುಡಿ ಪೂರ್ವ ಸ್ಲಾವಿಕ್ ಶಾಖೆಗೆ ಸೇರಿದುದು; ಇವರ ಪೂಜಾವಿಧಿ ಬೈಜಾಂಟಿಯಮ್ಮಿನ ಸಂಪ್ರದಾಯದ್ದು.

ಹದಿನಾಲ್ಕನೆಯ ಶತಮಾನದ ಆದಿಯಲ್ಲಿ ಹಂಗರಿಯ ಸಿಂಹಾಸನವು ಆಂಜೂ ವಂಶದ ಚಾರ್ಲ್ಸ್ ರಾಬರ್ಟನಿಗೆ ದೊರೆತಾಗ, ನೇಪಲ್ಸಿನಿಂದ ಅವನೊಡನೆ ಬಂದ ದ್ರುಗೆತ್ ಮನೆತನದವರು ಜೆಂಪ್ಲೀನ್ ಪ್ರಾಂತದಲ್ಲಿ ವಿಶಾಲವಾದ ಭೂಮಿಯನ್ನು ಪಡೆದರು. ಹುಮೆನ್ನೇ ಅವರ ಕೇಂದ್ರವಾಯಿತು. ಮೇಲಿನ ಕಣಿವೆಗಳಲ್ಲಿ ಕಾಡಿತ್ತು, ಜನರಿರಲಿಲ್ಲ; ಜನರಿಲ್ಲದ ಕಾಡಿನಿಂದ ಒಡೆಯನಿಗೆ ಆದಾಯವಿಲ್ಲ. ಆದುದರಿಂದ ‘ವಲಾಕ್ ಕಾನೂನು’ ಎಂದು ಹೆಸರಾದ ಪದ್ಧತಿಯಂತೆ ಹಳ್ಳಿಗಳನ್ನು ಕೂಡಿಸತೊಡಗಿದರು. ‘ಶೋಲ್ತಿಸ್’ ಎಂಬ ಮುಖಂಡನೊಬ್ಬನು ಕುಟುಂಬಗಳನ್ನು ಕರೆತಂದು ಕಾಡು ಕಡಿಸಿ ಊರು ಕಟ್ಟುವನು. ಅದಕ್ಕೆ ಪ್ರತಿಫಲವಾಗಿ ತೆರಿಗೆಯಿಲ್ಲದ ಮಾನ್ಯಭೂಮಿಯೂ ಊರಿನ ನ್ಯಾಯ ತೀರಿಸುವ ಹಕ್ಕೂ ವಂಶಪಾರಂಪರ್ಯವಾಗಿ ಅವನಿಗೆ ಸಲ್ಲುವುದು. ಹೊಸ ಒಕ್ಕಲಿಗೆ ಕೆಲವು ವರ್ಷಗಳ ತೆರಿಗೆ ವಿನಾಯಿತಿ ಇರುವುದು. ಅನಂತರ ಕುರಿ, ಗಿಣ್ಣು ಮುಂತಾದ ರೂಪದಲ್ಲಿ ಕಾಣಿಕೆ ಸಲ್ಲಬೇಕು. ಹದಿನೈದು ಹದಿನಾರನೆಯ ಶತಮಾನಗಳಲ್ಲಿ ಈ ಕಣಿವೆಗಳ ಹಳ್ಳಿಗಳಲ್ಲಿ ಹೆಚ್ಚಿನವು ಹೀಗೆಯೇ ತಲೆಯೆತ್ತಿದವು. ಈ ಸೀಮೆಯ ಹಳ್ಳಿ ಹುಟ್ಟಿದ್ದು ಒಂದು ಒಪ್ಪಂದದಿಂದ ಎಂಬ ಅಂಶವನ್ನು ನಾವು ಮರೆಯಲಾಗದು. ಒಪ್ಪಂದವೆಂದರೆ ಎರಡು ಪಕ್ಷಗಳಿರಬೇಕು. ಒಡೆಯನಿಗೆ ಹಳ್ಳಿಗನು ಬೇಕಾಗಿದ್ದನು, ಅದನ್ನು ಹಳ್ಳಿಗನೂ ಬಲ್ಲನು.

ಕಾಲ ಕಳೆದಂತೆ ಒಪ್ಪಂದದ ಒಂದು ಪಕ್ಷವು ಕ್ಷೀಣಿಸಿತು. ಬಿಟ್ಟಿ ದುಡಿಮೆಯ ದಿನಗಳು ಹೆಚ್ಚಿದವು. ಯುದ್ಧ, ಬಂಡಾಯ, ರೋಗಗಳಿಂದ ಹದಿನೇಳನೆಯ ಶತಮಾನದಲ್ಲಿ ಅನೇಕ ಹಿಡುವಳಿಗಳು ಪಾಳುಬಿದ್ದವು. ಧಾರ್ಮಿಕ ವಿಷಯದಲ್ಲಿಯೂ ಮಹತ್ತ್ವದ ತಿರುವು ಇದೇ ಕಾಲದಲ್ಲಿ ಒದಗಿತು. 1646ರಲ್ಲಿ ದ್ರುಗೆತರ ಕೋಟೆಯಾದ ಉಜ್‌ಹೊರೋದಿನಲ್ಲಿ 63 ಮಂದಿ ಪಾದ್ರಿಗಳು ಸೇರಿ ಪೋಪನ ಅಧಿಕಾರವನ್ನು ಅಂಗೀಕರಿಸಿದರು. ಆದರೆ ತಮ್ಮ ಪೂರ್ವದ ಪೂಜಾವಿಧಿಯನ್ನು ಉಳಿಸಿಕೊಂಡರು. ಇದರಿಂದ ಬೆಳೆದ ಗ್ರೀಕ್ ಕ್ಯಾಥೊಲಿಕ್ ಚರ್ಚು ರುಸಿನ್ ಹಳ್ಳಿಯ ಜೀವನದ ನಡುಗಂಬವಾಯಿತು. ಉಲಿಚ್‌ಸ್ಕೇ ಕ್ರಿವೇಯ 1718ರ ಮರದ ಚರ್ಚು, ರುಸ್ಕೀ ಪೊತೋಕದ 1740ರ ಮರದ ಚರ್ಚು ಇಂದಿಗೂ ನಿಂತಿವೆ. ಈ ಸೀಮೆಯ ಹಳ್ಳಿಗನು ತನಗಾಗಿ ‘ಬರೆದ’ ದಾಖಲೆ ಯಾವುದಾದರೂ ಉಂಟೆಂದರೆ ಅದು ಈ ಮರದ ಗೋಡೆಗಳೇ ಎನ್ನಬಹುದು. ತೊಪೊಲ್ಯಾ ಎಂಬ ಹಳ್ಳಿಯಲ್ಲಿ 1803ರಲ್ಲಿ ಹುಟ್ಟಿದ ಅಲೆಕ್ಸಾಂಡರ್ ದುಖ್ನೊವಿಚ್ ಇದೇ ಚರ್ಚಿನ ಪಾದ್ರಿ. 1847ರಲ್ಲಿ ಗ್ರಾಮದ ಮಕ್ಕಳಿಗಾಗಿ ಅಕ್ಷರಾಭ್ಯಾಸದ ಪುಸ್ತಕವನ್ನು ಪ್ರಕಟಿಸಿ ರುಸಿನರ ಜಾಗೃತಿಗೆ ಕಾರಣನಾದವನು.

ಇನ್ನು ನಮ್ಮ ಶಿರೋನಾಮೆಯಲ್ಲಿರುವ ಒಂಬತ್ತು ಪ್ರಶ್ನೆಗಳ ವಿಷಯ. ಒಡೆಯರ ಸುಲಿಗೆಗೆ ಮಿತಿಯನ್ನು ಹಾಕದಿದ್ದರೆ ರಾಜ್ಯದ ತೆರಿಗೆ ಕೈಗೆ ಬಾರದೆಂದು ಕಂಡುಕೊಂಡ ರಾಣಿ ಮಾರಿಯಾ ತೆರೇಸಾ 1767ರಲ್ಲಿ ಹಂಗರಿ ರಾಜ್ಯದ ಒಕ್ಕಲುತನವನ್ನು ಕ್ರಮಪಡಿಸುವ ಆಜ್ಞೆಯನ್ನು ಹೊರಡಿಸಿದಳು. ಮುಂದಿನ ಕೆಲವು ವರ್ಷಗಳಲ್ಲಿ ಅಧಿಕಾರಿಗಳು ಹಳ್ಳಿಹಳ್ಳಿಗೂ ಹೋಗಿ, ಊರಿನ ಮುಖ್ಯಸ್ಥನನ್ನೂ ಪಂಚರನ್ನೂ ಕೂಡಿಸಿ, ಅವರಿಗೆ ತಿಳಿಯುವ ಭಾಷೆಯಲ್ಲಿ ಒಂಬತ್ತು ಪ್ರಶ್ನೆಗಳನ್ನು ಕೇಳಿ ಉತ್ತರಗಳನ್ನು ಬರೆದುಕೊಂಡರು. ಬಿಟ್ಟಿ ದುಡಿಮೆ ಎಷ್ಟು ದಿನ? ಬೆಳೆಯ ಒಂಬತ್ತನೆಯ ಪಾಲು ಒಡೆಯನಿಗೆ ಸಲ್ಲುತ್ತದೆಯೆ? ಪಾಳುಬಿದ್ದ ಹಿಡುವಳಿಗಳೆಷ್ಟು? ಒಕ್ಕಲುಗಳು ಒಡೆಯನ ಭೂಮಿಗೆ ಕಟ್ಟುಬಿದ್ದವರೊ, ಬಿಟ್ಟುಹೋಗಲು ಸ್ವತಂತ್ರರೊ? ಪ್ರಶ್ನೆಗಳ ಸ್ವರೂಪ ಇಂಥದು. ಈ ವಿಚಾರಣೆಯ ಫಲವಾಗಿ ಪೂರ್ಣ ಹಿಡುವಳಿಯುಳ್ಳವನ ಬಿಟ್ಟಿ ದುಡಿಮೆಯನ್ನು ವಾರಕ್ಕೆ ಎತ್ತುಗಳೊಡನೆ ಒಂದು ದಿನ, ಇಲ್ಲವೆ ಬರಿಗೈಯಲ್ಲಿ ಎರಡು ದಿನ ಎಂದು ಗೊತ್ತುಪಡಿಸಲಾಯಿತು.

ಒಂಬತ್ತರಲ್ಲಿ ನಾಲ್ಕನೆಯ ಪ್ರಶ್ನೆ ನಮ್ಮ ಗಮನವನ್ನು ವಿಶೇಷವಾಗಿ ಸೆಳೆಯುತ್ತದೆ: ಈ ಊರಿಗೆ ಇರುವ ಅನುಕೂಲಗಳೇನು, ಅನನುಕೂಲಗಳೇನು? ಉಳಿದವುಗಳಲ್ಲಿ ಕೆಲವಕ್ಕೆ ಸಂಖ್ಯೆಯಲ್ಲಿ ಉತ್ತರ ಕೊಡಬಹುದು. ಇದಕ್ಕೆ ತನ್ನ ಊರನ್ನು ಬಲ್ಲವನೇ ಉತ್ತರಿಸಬೇಕು. ಮೇವು, ಸೌದೆ, ನೀರು, ಸಂತೆಯ ದೂರ, ಹೊಳೆ ಉಕ್ಕಿದಾಗ ಕೊಚ್ಚಿಹೋಗುವ ಹೊಲ, ಇವನ್ನು ಹೇಳಬಲ್ಲವನು ಅವನೇ. ರಾಜಾಧಿಕಾರಿಯ ದೃಷ್ಟಿಯಲ್ಲಿ ಇದೂ ಭೂಮಿಯ ತರ ನಿರ್ಣಯಿಸುವ ಸಾಧನವಷ್ಟೆ. ಆದರೂ ಊರಿನ ಲಾಭ ನಷ್ಟಗಳನ್ನು ಊರಿನವರ ಬಾಯಿಂದಲೇ ಕೇಳಿ ಬರೆದಿಟ್ಟುದರಿಂದ ಇತಿಹಾಸಕಾರನಿಗೆ ಅದು ಅಮೂಲ್ಯವಾಗಿದೆ.

ಕೇಳದೆ ನಡೆದರೆ ಏನಾಗುತ್ತದೆಂಬುದಕ್ಕೆ 1831ರ ಘಟನೆಗಳು ಸಾಕ್ಷಿ. ಆ ಬೇಸಗೆಯಲ್ಲಿ ಕಾಲರಾ ರೋಗ ಜೆಂಪ್ಲೀನ್ ಪ್ರಾಂತವನ್ನು ವ್ಯಾಪಿಸಿತು. ಅಧಿಕಾರಿಗಳು ಓಡಾಟವನ್ನು ನಿರ್ಬಂಧಿಸಿದರು; ಬಾವಿಗಳಿಗೆ ಔಷಧದ ಪುಡಿಯನ್ನು ಹಾಕಿಸಿದರು. ಒಡೆಯರು ತಮ್ಮನ್ನು ಕೊಲ್ಲಲು ನೀರಿಗೆ ವಿಷವಿಕ್ಕುತ್ತಿದ್ದಾರೆಂದು ಹಳ್ಳಿಗರು ನಂಬಿದರು. ಜೆಂಪ್ಲೀನಿನಿಂದ ನೆರೆಯ ಶಾರಿಶ್ ಮತ್ತು ಸ್ಪಿಶ್ ಪ್ರಾಂತಗಳಿಗೂ ದಂಗೆ ಹಬ್ಬಿತು. ಸೈನ್ಯ ಅದನ್ನು ಅಡಗಿಸಿದ ಮೇಲೆ ನೂರಕ್ಕೂ ಹೆಚ್ಚು ಮಂದಿ ಗಲ್ಲಿಗೇರಿದರು. ಪುಡಿ ವಿಷವಾಗಿರಲಿಲ್ಲ ಎಂಬುದು ನಿಜ. ಆದರೆ ಶತಮಾನಗಳ ಬಿಟ್ಟಿಯನ್ನು ಕಂಡವರು ಒಡೆಯನ ಔಷಧವನ್ನು ನಂಬಲು ಕಾರಣವೇನಿತ್ತು? ಈ ದಂಗೆಯನ್ನು ಮೌಢ್ಯವೆಂದು ತಳ್ಳಿಹಾಕುವುದು ಸುಲಭ. ಅದರ ಹಿಂದಿನ ಅಪನಂಬಿಕೆಯ ಚರಿತ್ರೆಯನ್ನು ತಿಳಿಯುವುದು ನಮ್ಮ ಕೆಲಸ.

1848ರಲ್ಲಿ ಒಕ್ಕಲುಗಳ ದಾಸ್ಯ ರದ್ದಾಯಿತು. ಆದರೆ ಹಿಸೆಯಾಗುತ್ತ ಬಂದ ತುಂಡು ಹೊಲಗಳಿಂದ ಹೊಟ್ಟೆ ತುಂಬಲಿಲ್ಲ. ಶತಮಾನದ ಕೊನೆಯ ದಶಕಗಳಲ್ಲಿ ಸಾವಿರಾರು ಜನ ಅಮೆರಿಕದ ಪೆನ್ಸಿಲ್ವೇನಿಯದ ಗಣಿಗಳಿಗೂ ಕಾರ್ಖಾನೆಗಳಿಗೂ ಹೊರಟುಹೋದರು. 1898ರ ಕಾನೂನಿನ ಮೇರೆಗೆ ಹಂಗರಿ ಸರ್ಕಾರವು ಊರುಗಳ ಹೆಸರುಗಳನ್ನು ತನ್ನ ನುಡಿಗೆ ಅಳವಡಿಸಲು ತೊಡಗಿತು. ಸ್ಲಾವಿಕ್ ನುಡಿಯಲ್ಲಿ ‘ಹಳೆಯದು’ ಎಂಬರ್ಥದ ಸ್ತರಿನಾ ಎಂಬ ಹಳ್ಳಿಯು ಸರ್ಕಾರಿ ಕಾಗದಗಳಲ್ಲಿ ‘ತ್ಸಿರೋಕಾ ಹೊಳೆಯ ಹಳೆಯ ಊರು’ ಎಂಬರ್ಥದ ಹಂಗೇರಿಯನ್ ಹೆಸರನ್ನು ತಾಳಿತು.

ಇಪ್ಪತ್ತನೆಯ ಶತಮಾನದಲ್ಲಿ ಈ ಕಣಿವೆಗಳಿಗೆ ಬಂದೊದಗಿದ್ದು ಗಡಿಯ ಪಾಡು. 1914ರ ನವೆಂಬರಿನಲ್ಲಿ ರಷ್ಯದ ಸೈನ್ಯ ಬೆಟ್ಟಗಳನ್ನು ದಾಟಿ ಹುಮೆನ್ನೇವರೆಗೂ ಬಂದಿತು. 1915ರ ಚಳಿಗಾಲದ ಕಾಳಗಗಳಲ್ಲಿ ಗುಂಡಿನಷ್ಟೇ ಹಿಮವೂ ಸೈನಿಕರನ್ನು ಕೊಂದಿತು. ವೆಲ್ಕಾ ಪೊಲ್ಯಾನಾ, ತೊಪೊಲ್ಯಾ ಮುಂತಾದೆಡೆ ಇರುವ ಸೈನಿಕರ ಸಮಾಧಿಗಳು ಆ ಕಾಲದವು. 1918ರಲ್ಲಿ ಚೆಕೊಸ್ಲೊವಾಕಿಯ ಸ್ಥಾಪಿತವಾಯಿತು. 1939ರ ಮಾರ್ಚಿನಲ್ಲಿ ಅದು ಒಡೆದಾಗ ಹಂಗರಿಯ ಸೈನ್ಯ ಪೂರ್ವದಿಂದ ನುಗ್ಗಿತು. ಏಪ್ರಿಲ್ 4ರ ಒಪ್ಪಂದದಂತೆ ಸುಮಾರು 1,700 ಚದರ ಕಿಲೋಮೀಟರ್ ನೆಲವೂ ಸುಮಾರು 70,000 ಜನರೂ ಹಂಗರಿಗೆ ಸೇರಿದರು. ಉಲಿಚ್, ನೊವಾ ಸೆದ್ಲಿತ್ಸಾ ಮೊದಲಾದ ಊರುಗಳು ಆ ಪಟ್ಟಿಯಲ್ಲಿದ್ದವು. 1942ರ ಮಾರ್ಚ್ 25ರಂದು ಪೊಪ್ರಾದಿನಿಂದ ಆಶ್ವಿಟ್ಸ್ ಶಿಬಿರಕ್ಕೆ ಹೊರಟ ಮೊದಲ ರೈಲಿನಲ್ಲಿದ್ದ ಸುಮಾರು ಸಾವಿರ ಯೆಹೂದಿ ತರುಣಿಯರಲ್ಲಿ ಶಾರಿಶ್ ಮತ್ತು ಜೆಂಪ್ಲೀನ್ ಸೀಮೆಯವರೇ ಹೆಚ್ಚು. ಬದುಕಿ ಮರಳಿದ ಯೆಹೂದಿಗಳಿಗೂ ನೆಮ್ಮದಿ ದೊರೆಯಲಿಲ್ಲ. 1945ರ ಡಿಸೆಂಬರಿನಲ್ಲಿ ಕೊಲ್ಬಾಸೊವ್ ಎಂಬ ಹಳ್ಳಿಯಲ್ಲಿ ಅವರಲ್ಲಿ 11 ಮಂದಿಯ ಕೊಲೆಯಾಯಿತು.

ಯುದ್ಧಾನಂತರ 1947ರಲ್ಲಿ ಪೂರ್ವ ಸ್ಲೋವಾಕಿಯದಿಂದ ಸುಮಾರು 12,000 ಜನ ಸೋವಿಯತ್ ಉಕ್ರೇನಿಗೆ ವಲಸೆ ಹೋದರು. ಒಳ್ಳೆಯ ಭೂಮಿಯ ಭರವಸೆ ಅವರನ್ನು ಸೆಳೆದಿತ್ತು. ನಿರಾಶರಾದ ಹಲವರು ಮುಂದೆ ಮರಳಿಬಂದರು. 1950ರ ಏಪ್ರಿಲ್ 28ರಂದು ಪ್ರೆಶೊವಿನಲ್ಲಿ ಸೇರಿಸಿದ ಸಭೆಯೊಂದರ ನಿರ್ಣಯವನ್ನು ಮುಂದಿಟ್ಟುಕೊಂಡು ಸರ್ಕಾರ ಗ್ರೀಕ್ ಕ್ಯಾಥೊಲಿಕ್ ಚರ್ಚನ್ನು ರದ್ದುಮಾಡಿ ಆರ್ಥೊಡಾಕ್ಸ್ ಚರ್ಚಿನಲ್ಲಿ ಲೀನಗೊಳಿಸಿತು. ಅದಕ್ಕೊಪ್ಪದ ಬಿಷಪ್ ಪಾವೆಲ್ ಗೊಯ್ದಿಚ್ 1960ರಲ್ಲಿ ಲೆಓಪೊಲ್ದೊವ್ ಸೆರೆಮನೆಯಲ್ಲಿ ತೀರಿಕೊಂಡರು. ಚರ್ಚಿಗೆ ಮತ್ತೆ ಮನ್ನಣೆ ದೊರೆತದ್ದು 1968ರಲ್ಲಿ. ಒಂದೇ ಮನೆಯ ಮುದುಕನು ಊರು ಬಿಟ್ಟು ಕದಲದೆಯೇ ಹಲವು ರಾಜ್ಯಗಳ ಪ್ರಜೆಯಾಗಿ, ಎರಡು ಚರ್ಚುಗಳ ಸದಸ್ಯನಾಗಿ ಎಣಿಸಲ್ಪಟ್ಟನು. ಆ ಎಣಿಕೆಗಳಲ್ಲಿ ನಾಲ್ಕನೆಯ ಪ್ರಶ್ನೆ ಮಾತ್ರ ಇರಲಿಲ್ಲ.

ಕೊನೆಗೆ ಬಂದದ್ದು ನೀರು. ಕೊಶಿತ್ಸೆ, ಪ್ರೆಶೊವ್ ಮೊದಲಾದ ನಗರಗಳು ಕೈಗಾರಿಕೆಗಳಿಂದ ಬೆಳೆದು ಅವುಗಳಿಗೆ ಕುಡಿಯುವ ನೀರು ಸಾಲದಾಯಿತು. ತ್ಸಿರೊಖಾ ಹೊಳೆಗೆ ಅಡ್ಡಲಾಗಿ 1981ರಿಂದ 1988ರವರೆಗೆ ಸುಮಾರು 50 ಮೀಟರ್ ಎತ್ತರದ ಅಣೆಕಟ್ಟನ್ನು ಕಟ್ಟಿದರು. ಅದರ ಹಿಂದೆ ಸುಮಾರು 6 ಕೋಟಿ ಘನ ಮೀಟರ್ ನೀರು ನಿಲ್ಲುವ ಜಲಾಶಯಕ್ಕೆ ಸ್ತರಿನಾ ಹಳ್ಳಿಯ ಹೆಸರೇ ನಿಂತಿತು. ಸ್ತರಿನಾ, ದಾರಾ, ಒಸ್ತ್ರೊಝ್ನಿತ್ಸಾ, ಸ್ಮೊಲ್ನೀಕ್, ವೆಲ್ಕಾ ಪೊಲ್ಯಾನಾ, ಜ್ವಲಾ, ರುಸ್ಕೇ ಎಂಬ ಏಳು ಹಳ್ಳಿಗಳನ್ನು 1980ರ ದಶಕದ ಮೊದಲ ವರ್ಷಗಳಲ್ಲಿ ತೆರವು ಮಾಡಿಸಲಾಯಿತು. 3,000ಕ್ಕೂ ಹೆಚ್ಚು ಜನ ಸ್ನಿನಾ, ಹುಮೆನ್ನೇ ಮೊದಲಾದ ಪಟ್ಟಣಗಳಿಗೆ ಹೋದರು, ಮನೆಗಳನ್ನು ಕೆಡವಲಾಯಿತು.

ಇಲ್ಲಿ ಓದುಗರು ಒಂದು ಸಂಗತಿಯನ್ನು ಲಕ್ಷ್ಯವಿಟ್ಟು ನೋಡಬೇಕು. ಈ ಏಳರಲ್ಲಿ ಎಲ್ಲವೂ ಮುಳುಗಲಿಲ್ಲ. ರುಸ್ಕೇ, ಜ್ವಲಾ, ಸ್ಮೊಲ್ನೀಕ್, ವೆಲ್ಕಾ ಪೊಲ್ಯಾನಾ ಇವು ನೀರಿನ ಅಂಚಿಗಿಂತ ಮೇಲಿನ ಕಣಿವೆಗಳಲ್ಲಿವೆ. ಅವು ಬರಿದಾದುದು, ಜನ, ದನ, ಗೊಬ್ಬರ, ಕೊಳಕುಗಳಿಂದ ಜಲಾಶಯಕ್ಕೆ ಹರಿದುಬರುವ ನೀರು ಕೆಡಬಾರದೆಂಬ ಕಾರಣಕ್ಕೆ. 1831ರಲ್ಲಿ ಅಧಿಕಾರಿಗಳು ನೀರನ್ನು ಕೆಡಿಸುತ್ತಾರೆಂದು ಹಳ್ಳಿಗರು ಶಂಕಿಸಿದ್ದರು. ಒಂದೂವರೆ ಶತಮಾನದ ಮೇಲೆ ಹಳ್ಳಿಗರ ಬಾಳೇ ನೀರನ್ನು ಕೆಡಿಸುತ್ತದೆಂದು ಅಧಿಕಾರಿಗಳು ತೀರ್ಮಾನಿಸಿದರು. ಈ ಎರಡನೆಯ ತೀರ್ಮಾನಕ್ಕೆ ವಿಜ್ಞಾನದ ಆಧಾರವಿತ್ತು, ನಗರಗಳ ಅಗತ್ಯವೂ ನಿಜವಾದುದೇ. ಲಕ್ಷಾಂತರ ಜನರಿಗೆ ದೊರೆತ ಶುದ್ಧ ಜಲವನ್ನು ಇತಿಹಾಸಕಾರನು ಅಲ್ಲಗಳೆಯುವಂತಿಲ್ಲ. ಆದರೆ ಆ ಲಾಭವನ್ನು ಬರೆದಿಟ್ಟ ಪುಟದಲ್ಲಿಯೇ ನಷ್ಟವನ್ನೂ ಬರೆಯುವುದು ಅವನ ಧರ್ಮ.

ಆ ನಷ್ಟದ ಲೆಕ್ಕ ಕಡತಗಳಲ್ಲಿರುವುದಕ್ಕಿಂತ ನೆಲದ ಮೇಲೆಯೇ ಹೆಚ್ಚು. ಮೇಲಿನ ಕಣಿವೆಗಳಲ್ಲಿ ಸಮಾಧಿಗಳು ಉಳಿದಿವೆ. ಮನೆಗಳಿದ್ದೆಡೆ ಹಣ್ಣಿನ ಮರಗಳು ಕಾಡುಬಿದ್ದು ನಿಂತಿವೆ. ಬೇಸಗೆಯಲ್ಲಿ ಊರಿನವರೂ ಅವರ ಮಕ್ಕಳೂ ಬಂದು ಸಮಾಧಿಗಳನ್ನು ಶುಚಿಮಾಡಿ ಪ್ರಾರ್ಥನೆ ಸಲ್ಲಿಸುತ್ತಾರೆ. ನೊವಾ ಸೆದ್ಲಿತ್ಸಾದ ಮರದ ಚರ್ಚನ್ನು ಹುಮೆನ್ನೇಯ ವಸ್ತುಸಂಗ್ರಹಾಲಯದಲ್ಲಿ ಕಾಣಬೇಕು. ಜ್ಬೊಯ್ ಹಳ್ಳಿಯದನ್ನು ಬಾರ್ದೆಯೊವ್ ಸ್ನಾನತೀರ್ಥದ ವಸ್ತುಸಂಗ್ರಹಾಲಯದಲ್ಲಿ. 1997ರಲ್ಲಿ ಈ ಬೆಟ್ಟಗಳು ‘ಪೊಲೊನಿನಿ’ ರಾಷ್ಟ್ರೀಯ ಉದ್ಯಾನವಾದವು. 2007ರಲ್ಲಿ ಇಲ್ಲಿಯ ಬೀಚ್ ಕಾಡುಗಳು ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ಕಾಡು ಕಡಿದು ಊರು ಕಟ್ಟಿದವರನ್ನು ಹುಡುಕಿ ಕರೆತಂದ ಸೀಮೆಗೆ ಈಗ ಕಾಡಿನಿಂದಲೇ ಕೀರ್ತಿ. ಉಳಿದ ಹಳ್ಳಿಗಳಲ್ಲಿಯೂ ಎಳೆಯರು ಕೆಲಸವನ್ನರಸಿ ಹೊರಟುಹೋಗುತ್ತಿದ್ದಾರೆ.

ಈ ಸೀಮೆಯ ಚರಿತ್ರೆಯಿಂದ ಸಂಶೋಧಕನು ಕಲಿಯಬೇಕಾದ ಪಾಠ ಸರಳವಾದುದು. ತೆರಿಗೆಯ ಪಟ್ಟಿ, ಗಡಿಯ ನಕ್ಷೆ, ಅಣೆಕಟ್ಟಿನ ಯೋಜನೆ ಇವು ಹಳ್ಳಿಯಿಂದ ಏನು ಬೇಕಾಗಿತ್ತು ಎಂಬುದನ್ನು ಹೇಳುತ್ತವೆ. ಹಳ್ಳಿಗೆ ಏನು ಬೇಕಾಗಿತ್ತು ಎಂಬುದನ್ನು ತಿಳಿಯಲು ಮಾನ್ಯದ ಒಪ್ಪಂದಗಳನ್ನೂ ಪಂಚರ ಉತ್ತರಗಳನ್ನೂ ಮರದ ಚರ್ಚುಗಳನ್ನೂ ಸಮಾಧಿಗಳ ಹೆಸರುಗಳನ್ನೂ ಕೂಡಿಸಿ ಓದಬೇಕು. ಬದುಕಿರುವವರ ನೆನಪುಗಳನ್ನು ಕಾಲ ಮೀರುವ ಮುನ್ನ ಕೇಳಿ ಬರೆದುಕೊಳ್ಳಬೇಕು. ಏಳು ಹಳ್ಳಿಗಳಲ್ಲಿ ಹುಟ್ಟಿ ಬೆಳೆದವರಲ್ಲಿ ತೀರ ಕಿರಿಯರೂ ಈಗ ನಡುವಯಸ್ಸನ್ನು ಮುಟ್ಟಿದ್ದಾರೆ. ನಿಮ್ಮ ಊರಿನ ಅನುಕೂಲಗಳೇನಿದ್ದವು, ಅನನುಕೂಲಗಳೇನಿದ್ದವು ಎಂಬ ನಾಲ್ಕನೆಯ ಪ್ರಶ್ನೆಗೆ ಉತ್ತರ ಕೊಡಬಲ್ಲವರು ಅವರೇ. ಅದನ್ನು ಕೇಳುವ ಅವಕಾಶ ಇನ್ನೂ ಕೆಲವು ಕಾಲ ಮಾತ್ರ ಉಂಟು.