ಚಕ್ರ ಉರುಳುತ್ತಲೇ ಕಾರು ನಿಲ್ಲಬೇಕು: ಎಬಿಎಸ್ ಬ್ರೇಕ್ ಬಂದ ಕಥೆ

ಕಾರನ್ನು ನಿಲ್ಲಿಸುವುದು ಬ್ರೇಕ್ ಎಂದು ನಾವೆಲ್ಲ ಭಾವಿಸಿದ್ದೇವೆ. ನಿಜವಾಗಿ ಬ್ರೇಕ್ ತಡೆಯುವುದು ಚಕ್ರವನ್ನು ಮಾತ್ರ. ಕಾರನ್ನು ನಿಲ್ಲಿಸುವುದು ಟೈರು ಮತ್ತು ರಸ್ತೆಯ ನಡುವಿನ ಘರ್ಷಣೆ. ಒಂದು ಟೈರು ರಸ್ತೆಗೆ ತಾಗುವ ಜಾಗ ಹೆಚ್ಚುಕಡಿಮೆ ಅಂಗೈಯಷ್ಟೇ. ಚಕ್ರ ಪೂರ್ತಿ ಲಾಕ್ ಆಗಿ ಜಾರತೊಡಗಿದರೆ ಆ ಹಿಡಿತ ಕುಗ್ಗುತ್ತದೆ. ಆಗ ಸ್ಟೇರಿಂಗ್ ತಿರುಗಿಸಿದರೂ ಕಾರು ನೇರವಾಗಿಯೇ ಹೋಗುತ್ತದೆ.

ಈ ತೊಂದರೆಗೆ ಮೊದಲು ಪರಿಹಾರ ಹುಡುಕಿದ್ದು ವಿಮಾನಗಳಿಗಾಗಿ. ಒದ್ದೆ ರನ್‌ವೇಯಲ್ಲಿ ಚಕ್ರ ಲಾಕ್ ಆದರೆ ವಿಮಾನ ಜಾರುತ್ತಿತ್ತು, ಟೈರು ಸಿಡಿಯುತ್ತಿತ್ತು. 1950ರ ದಶಕದ ಆರಂಭದಲ್ಲಿ ಬ್ರಿಟನ್ನಿನ ಡನ್‌ಲಪ್ ಕಂಪನಿ ‘ಮ್ಯಾಕ್ಸರೆಟ್’ ಎಂಬ ಸಾಧನ ತಂದಿತು. ಚಕ್ರ ಥಟ್ಟನೆ ನಿಧಾನವಾದರೆ ಅದರೊಳಗಿನ ಗಾಲಿ ತನ್ನ ವೇಗದಲ್ಲೇ ತಿರುಗುತ್ತಾ ಕವಾಟ ತೆರೆದು ಬ್ರೇಕಿನ ಒತ್ತಡ ಸಡಿಲಿಸುತ್ತಿತ್ತು. 1958ರಲ್ಲಿ ರಾಯಲ್ ಎನ್‌ಫೀಲ್ಡ್ ಬೈಕಿನ ಮೇಲೂ ಇದರ ಪರೀಕ್ಷೆ ನಡೆಯಿತು. 1966ರಲ್ಲಿ ಜೆನ್ಸನ್ ಎಫ್‌ಎಫ್ ಕಾರಿಗೆ ಇದನ್ನು ಅಳವಡಿಸಿದರು. ಆದರೆ ಆ ದುಬಾರಿ ಕಾರು ತಯಾರಾದದ್ದು ಸುಮಾರು 320 ಮಾತ್ರ.

ಸಾಮಾನ್ಯ ಕಾರಿಗೆ ಬೇಕಾದ ವೇಗ ಮತ್ತು ನಂಬಿಕೆ ಸಿಕ್ಕಿದ್ದು ಡಿಜಿಟಲ್ ಎಲೆಕ್ಟ್ರಾನಿಕ್ಸ್ ಬಂದ ಮೇಲೆ. 1978ರಲ್ಲಿ ಜರ್ಮನಿಯ ಬಾಷ್ ತಯಾರಿಸಿದ ಎಬಿಎಸ್ ಮರ್ಸಿಡಿಸ್ ಬೆಂಜ್ ಎಸ್-ಕ್ಲಾಸ್ ಕಾರಿನಲ್ಲಿ ಬಂತು. ಬೆಂಗಳೂರಿನವರು ‘ಮೈಕೋ’ ಎಂದು ಕರೆಯುತ್ತಿದ್ದ ಕಾರ್ಖಾನೆ ಇದೇ ಬಾಷ್ ಬಳಗದ್ದು. ಚಕ್ರದ ಸೆನ್ಸರ್ ಲಾಕ್ ಆಗುವ ಸೂಚನೆ ಕೊಟ್ಟೊಡನೆ ಕವಾಟಗಳು ಸೆಕೆಂಡಿಗೆ ಹಲವು ಬಾರಿ ಒತ್ತಡ ಬಿಟ್ಟು ಹಿಡಿಯುತ್ತವೆ. ಭಾರತದಲ್ಲಿ 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆಲ್ಲ ಇದು ಕಡ್ಡಾಯ.

ಆದರೂ ಎಬಿಎಸ್ ಹೊಸ ಘರ್ಷಣೆಯನ್ನು ಹುಟ್ಟಿಸುವುದಿಲ್ಲ. ಇರುವುದನ್ನು ಪೋಲಾಗದಂತೆ ಕಾಯುತ್ತದೆ, ಅಷ್ಟೆ. ಗಂಟೆಗೆ 100 ಕಿ.ಮೀ. ವೇಗದ ಕಾರು ಒಳ್ಳೆಯ ಒಣ ರಸ್ತೆಯಲ್ಲಿ ಬ್ರೇಕ್ ಹಿಡಿದ ಮೇಲೆ ಸುಮಾರು 50 ಮೀಟರಿನಲ್ಲಿ ನಿಂತರೆ, ಘರ್ಷಣೆ ಅರ್ಧವಾದ ಕಡೆ 100 ಮೀಟರ್ ಬೇಕು. ತಿಂಗಳುಗಟ್ಟಲೆ ಎಣ್ಣೆ, ಧೂಳು ಕೂತ ಗಲ್ಫ್ ರಸ್ತೆಯ ಮೇಲೆ ಮೊದಲ ಮಳೆ ಬಿದ್ದಾಗ ಆಗುವುದು ಇದೇ. ಸಡಿಲ ಮರಳಿನಲ್ಲಂತೂ ಎಬಿಎಸ್ ಇರುವ ಕಾರು ನಿಲ್ಲಲು ಇನ್ನೂ ಹೆಚ್ಚು ದೂರ ಹೋಗಬಹುದು. ಲಾಕ್ ಆದ ಚಕ್ರದ ಮುಂದೆ ಮರಳು ಗುಡ್ಡೆಯಾಗಿ ತಡೆಯುವಂತೆ ಇಲ್ಲಿ ಆಗುವುದಿಲ್ಲ.

ತುರ್ತಿನಲ್ಲಿ ಪೆಡಲ್ ನಡುಗಿದರೆ ಕಾಲು ತೆಗೆಯಬೇಡಿ. ಗಟ್ಟಿಯಾಗಿ ಒತ್ತಿಯೇ ಇರಿ, ಸ್ಟೇರಿಂಗಿನಿಂದ ದಾರಿ ತಪ್ಪಿಸಿಕೊಳ್ಳಿ. ಬಿಸಿಲಿಗೆ ರಬ್ಬರ್ ಬೇಗ ಗಡಸಾಗುತ್ತದೆ. ಟೈರಿನ ಪಕ್ಕದ ನಾಲ್ಕು ಅಂಕಿಗಳನ್ನೂ ಒಮ್ಮೆ ನೋಡಿ. 2423 ಎಂದಿದ್ದರೆ ಅದು 2023ರ 24ನೇ ವಾರದಲ್ಲಿ ತಯಾರಾದ ಟೈರು.