ಟೆಕ್ಸಸ್ ಬೇಲಿಯೊಳಗಿನ ಆಫ್ರಿಕಾದ ಹುಲ್ಲೆ

ನಾವಿರೋ ಟೆಕ್ಸಸ್‌ನಲ್ಲಿ ಸ್ಯಾನ್ ಆಂಟೋನಿಯೋ ಬಿಟ್ಟು ಹಿಲ್ ಕಂಟ್ರಿ ಕಡೆ ಹೊರಟ್ರೆ ರಸ್ತೆ ಪಕ್ಕ ಆಳೆತ್ತರ ಮೀರಿದ ತಂತಿಬೇಲಿಗಳು ಶುರುವಾಗುತ್ತವೆ. ದನ ತಡೆಯೋಕೆ ಅಷ್ಟು ಎತ್ತರ ಬೇಡ. ಒಳಗಿರೋದು ಬೇಟೆಗೆಂದೇ ಸಾಕಿದ ಪರದೇಶಿ ಪ್ರಾಣಿಗಳು. ನಮ್ಮ ರಾಣೆಬೆನ್ನೂರು ಕಡೆಯ ಕೃಷ್ಣಮೃಗವೂ 1932ರಿಂದ ಇಲ್ಲಿದೆ, ದುಡ್ಡು ಕೊಟ್ರೆ ಹೊಡೀಬಹುದು! ಆದ್ರೆ ಇವತ್ತು ಹೇಳಹೊರಟಿದ್ದು ಇನ್ನೊಂದರ ಕಥೆ. ಅದು ಕತ್ತಿಕೊಂಬಿನ ಓರಿಕ್ಸ್.

ಹುಲ್ಲೆ ಅಂದ್ರೆ ನಾವು ಜಿಂಕೆ ಅಂದ್ಕೋತೀವಿ. ಇದು ಹತ್ತಿರದಿಂದ ನೋಡಿದ್ರೆ ಹಸುವಿನ ನೆಂಟ ಅನ್ನಿಸುತ್ತೆ, ನೆಂಟಸ್ತಿಕೆ ನಿಜ ಕೂಡ. ಬಿಳಿ ಮೈ, ಕತ್ತು-ಎದೆ ಮಾತ್ರ ಕಾವಿ ಬಣ್ಣ. ಗಂಡು ಹೆಣ್ಣು ಎರಡಕ್ಕೂ ಕೊಂಬುಂಟು. ಮೀಟರ್ ಉದ್ದ ಬೆಳೆದು ಹಿಂದಕ್ಕೆ ಖಡ್ಗದ ಹಾಗೆ ಬಾಗಿರುತ್ತೆ, ಉದುರೋದಿಲ್ಲ. ಊರು ಸಹಾರಾದ ದಕ್ಷಿಣ ಅಂಚಿನ ಒಣ ಹುಲ್ಲುಗಾವಲು. ಮಳೆ ಬಿದ್ದು ಹುಲ್ಲು ಚಿಗುರಿದ ಕಡೆ ಹಿಂಡು ಹಿಂಡಾಗಿ ಹೋಗೋದು, ಒಣಗಿದ ಮೇಲೆ ಮತ್ತೆ ದಕ್ಷಿಣಕ್ಕೆ ಇಳಿಯೋದು. ಹುಲ್ಲಿನಲ್ಲಿರೋ ತೇವದಲ್ಲೇ ತಿಂಗಳುಗಟ್ಟಲೆ ನೀರಿಲ್ಲದೆ ಬದುಕುತ್ತೆ. ಮೈ ಬಿಸಿ 46 ಡಿಗ್ರಿ ಸೆಲ್ಸಿಯಸ್ ದಾಟೋವರೆಗೆ ಬೆವರೋದೇ ಇಲ್ಲವಂತೆ! ನೀರು ಉಳಿಸೋ ಉಪಾಯ ಅದು.

ಆ ನಾಡಿನ ಜನ ಇದನ್ನ ಶತಮಾನಗಳಿಂದ ಬೇಟೆಯಾಡಿದ್ದಾರೆ, ಓರಿಕ್ಸ್ ಚರ್ಮದ ಗುರಾಣಿಗೆ ಆ ಕಾಲದಲ್ಲಿ ದೊಡ್ಡ ಹೆಸರು. ಕುದುರೆ ಮತ್ತು ಈಟಿ ಇದ್ದಾಗ ಹಿಂಡುಗಳು ತಾಳಿಕೊಂಡವು. ಜೀಪು ಮತ್ತು ಬಂದೂಕು ಬಂದ ಮೇಲೆ ಬಯಲಲ್ಲಿ ಅಡಗೋಕೆ ಮರವೂ ಇಲ್ಲ, ಗುಡ್ಡವೂ ಇಲ್ಲ. ಬರಗಾಲ ಬೇರೆ. ಚಾಡ್ ದೇಶ 1969ರಲ್ಲಿ ವಾದಿ ರಿಮೆ - ವಾದಿ ಅಶೀಮ್ ಅಂತ ದೊಡ್ಡ ಅಭಯಾರಣ್ಯ ಮಾಡಿತು. ಅಂತರ್ಯುದ್ಧ ಅಲ್ಲಿಗೂ ಬಂತು, ಕಾವಲಿನವರು ಹೋದರು, ಕೋವಿ ಹಿಡಿದವರು ಉಳಿದರು. 1980ರ ದಶಕ ಮುಗಿಯೋ ಹೊತ್ತಿಗೆ ಅಲ್ಲೂ ಖಾಲಿ. 2000ದಲ್ಲಿ ಐಯುಸಿಎನ್ ಇದು ಕಾಡಿನಲ್ಲಿ ನಿರ್ನಾಮ ಅಂತ ಬರೆದುಬಿಟ್ಟಿತು.

ಅದೃಷ್ಟಕ್ಕೆ 1960ರ ದಶಕದಲ್ಲೇ ಚಾಡ್‌ನಿಂದ ನಲವತ್ತು-ಐವತ್ತು ಪ್ರಾಣಿಗಳನ್ನ ಹಿಡಿದು ಮೃಗಾಲಯಗಳಿಗೆ ಕಳಿಸಿದ್ರು. ಟೆಕ್ಸಸ್‌ಗೆ ಬಂದದ್ದೂ ಮೃಗಾಲಯಗಳಲ್ಲಿ ಹೆಚ್ಚಾದವೇ. 1979ರಲ್ಲಿ ಇಲ್ಲಿ ಕೇವಲ 32 ಇದ್ದವು. 2010ರಲ್ಲಿ ರ‍್ಯಾಂಚ್ ಮಾಲೀಕರ ಸಂಘದ ಲೆಕ್ಕದಲ್ಲಿ 11,000 ದಾಟಿತ್ತು. ಬೇಟೆಗಾರ ಕೊಡೋ ಫೀಸಿಗಾಗಿಯೇ ಸಾಕಿದ್ದು, ಅದನ್ನ ಯಾರೂ ಮುಚ್ಚಿಡಲ್ಲ.

ಇಲ್ಲಿಂದ ಜಗಳ ಶುರು. 2005ರಲ್ಲಿ ಅಮೆರಿಕ ಸರ್ಕಾರ ಓರಿಕ್ಸನ್ನ ಅಪಾಯದ ಪಟ್ಟಿಗೆ ಸೇರಿಸಿತು, ಜೊತೆಗೇ ಇಲ್ಲಿ ಸಾಕಿದವಕ್ಕೆ ವಿನಾಯಿತಿ ಕೊಟ್ಟಿತು. ಪ್ರಾಣಿದಯೆಯವರು ಕೋರ್ಟಿಗೆ ಹೋಗಿ ಗೆದ್ದರು. 2012ರ ಏಪ್ರಿಲ್‌ನಿಂದ ಹೊಡೆಯೋಕೆ ಪರ್ಮಿಟ್ ಬೇಕಾಯ್ತು. ಹೀಗಾದ್ರೆ ಸಾಕೋದೇ ಬಿಡ್ತೀವಿ ಅಂದ್ರು ಮಾಲೀಕರು. 2014ರಲ್ಲಿ ಕಾಂಗ್ರೆಸ್ ಬಜೆಟ್ ಮಸೂದೆಯಲ್ಲಿ ಒಂದು ಸಾಲು ಸೇರಿಸಿ ವಿನಾಯಿತಿ ವಾಪಸ್ ಕೊಟ್ಟಿತು. ನನಗೆ ಬಂದೂಕು ಹಿಡಿದವರ ಪರ ಮಾತಾಡೋದು ಕಷ್ಟ, ಮಾರಾಯ್ರೆ. ಆದ್ರೂ 32 ಇದ್ದದ್ದು 11,000 ಆದ ಲೆಕ್ಕವನ್ನ ತಳ್ಳಿಹಾಕೋಕೆ ನನ್ನ ಕೈಲಾಗಲ್ಲ. ಹಾಗಂತ ಬೇಲಿಯೊಳಗೆ ಗುರಿಯಿಟ್ಟು ಹೊಡೆಯೋದನ್ನ ಬೇಟೆ ಅನ್ನೋಕೂ ಬಾಯಿ ಬರಲ್ಲ.

ತವರಿಗೆ ಓರಿಕ್ಸ್ ವಾಪಸ್ ಹೋದದ್ದು ಅಬುಧಾಬಿಯ ದಾರಿಯಿಂದ. ಅಲ್ಲಿನ ಪರಿಸರ ಇಲಾಖೆ ಬೇರೆ ಬೇರೆ ದೇಶಗಳ ಮೃಗಾಲಯಗಳಿಂದಲೂ ಪ್ರಾಣಿಗಳನ್ನ ತರಿಸಿ ಒಂದು ಹಿಂಡು ಕಟ್ಟಿತು. 2016ರ ಮಾರ್ಚ್‌ನಲ್ಲಿ 25 ಓರಿಕ್ಸ್ ವಿಮಾನದಲ್ಲಿ ಚಾಡ್‌ಗೆ ಬಂದವು. ಆಗಸ್ಟ್‌ನಲ್ಲಿ, ಮಳೆಗಾಲ ನೋಡಿಕೊಂಡು, ಕುತ್ತಿಗೆಗೆ ಜಿಪಿಎಸ್ ಪಟ್ಟಿ ಕಟ್ಟಿ 21ನ್ನ ಅದೇ ಹಳೇ ಅಭಯಾರಣ್ಯದಲ್ಲಿ ಬಿಟ್ಟರು. ಸೆಪ್ಟೆಂಬರ್‌ನಲ್ಲಿ ಬಯಲಲ್ಲೇ ಒಂದು ಕರು ಹುಟ್ಟಿತು. 2023ರ ಡಿಸೆಂಬರ್‌ನಲ್ಲಿ ಐಯುಸಿಎನ್ ತನ್ನ ಪಟ್ಟಿ ತಿದ್ದಿತು. ಓರಿಕ್ಸ್ ಈಗ ಅಲ್ಲಿ ಬರೀ 'ಅಪಾಯದಲ್ಲಿರುವ' ಪ್ರಾಣಿ.